ನಗುವಿಗೆ ಬಿಟ್ಟ ಜಾಗ

ನನ್ನ ಸೋದರಮಾವ ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಟೌನ್‌ಹೌಸಿಗೆ ಬಂದ ಮೇಲೆ ದಿನಾ ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ಒಂದು ನಾಟಕ ನಡೆಯುತ್ತಿತ್ತು. ಪಾತ್ರಗಳು ಎರಡು, ಕಾಣುತ್ತಿದ್ದದ್ದು ಒಂದೇ.

ಮಾವ ವಾಷಿಂಗ್ ಮಷೀನಿನ ಕೋಣೆಯ ಮುಚ್ಚಿದ ಬಾಗಿಲಿನ ಎದುರು ನಿಂತು, ಪಂಚೆ ಸರಿಮಾಡಿಕೊಂಡು, ಮೂರು ಸಲ ತಟ್ಟುತ್ತಿದ್ದರು.

‘ಬಾಗಲಾ ತಗೀ, ನಾ ಬಂದೀನಿ.’

ಆಮೇಲೆ ಸುಮ್ಮನೆ ನಿಲ್ಲುತ್ತಿದ್ದರು.

‘ನಾ ಅಂದ್ರ ಯಾರೇನ? ನಿನ್ನ ಗಂಡ!’

ಮತ್ತೆ ಸುಮ್ಮನೆ. ಈ ಸಲ ಬಹಳ ಹೊತ್ತು. ತಲೆ ಒಂದು ಕಡೆ ವಾಲಿಸಿ, ಒಳಗಿನಿಂದ ಯಾರೋ ಏನೋ ಹೇಳುತ್ತಿದ್ದಾರೆ ಎಂಬಂತೆ ಕಿವಿಗೊಟ್ಟು, ನಂತರ ಮುಖದ ಬಣ್ಣವೇ ಇಳಿದುಹೋದವರ ಹಾಗೆ ನಮ್ಮ ಕಡೆ ತಿರುಗಿ ಹೇಳುತ್ತಿದ್ದರು: ‘ಹಂಗಾರ ನಾ ಯಾರು?’

ಆರು ವರ್ಷದ ನನ್ನ ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ನನಗೆ ಮಾತ್ರ ಬೆನ್ನು ಜುಮ್ ಎನ್ನುತ್ತಿತ್ತು. ಬಾಗಿಲ ಹಿಂದೆ ಇರಬೇಕಾಗಿದ್ದವಳು ನನ್ನ ಅತ್ತೆ, ಮಾವನ ಹೆಂಡತಿ. ತೀರಿಕೊಂಡು ವರ್ಷ ತುಂಬಿರಲಿಲ್ಲ.

ಇಬ್ಬರೂ ಹುಬ್ಬಳ್ಳಿ ಗದಗದ ಕಡೆ ತಿರುಗುತ್ತಿದ್ದ ಒಂದು ನಾಟಕ ಕಂಪನಿಯಲ್ಲಿ ಹಾಸ್ಯದ ಜೋಡಿ. ಮಾವ ಕಂಪನಿಯ ಹೆಣ್ಣನ್ನು ಮದುವೆಯಾದರೆಂದು ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಅವರ ಹೆಸರೆತ್ತುವ ಹಾಗಿರಲಿಲ್ಲ. ದೊಡ್ಡ ಮನೆತನವಂತೆ, ಮಣ್ಣಂಗಟ್ಟಿ! ಅವರ ನಾಟಕ ನಮ್ಮೂರಿಗೇ ಬಂದಾಗ ಓಣಿಯ ಹುಡುಗಿಯರೆಲ್ಲ ನೋಡಿ ಬಂದರು, ನನ್ನನ್ನು ಕೋಣೆಯಲ್ಲಿ ಕೂಡಿ ಹಾಕಿದ್ದರು. ಹೀಗಾಗಿ ಅತ್ತೆ ಬಾಗಿಲ ಹಿಂದಿನಿಂದ ಏನು ಹೇಳುತ್ತಿದ್ದಳು ಎಂಬುದು ನನಗೆ ಗೊತ್ತೇ ಇರಲಿಲ್ಲ.

‘ವಾಟ್ ಡಿಡ್ ಅಜ್ಜಿ ಸೇ?’ ಎಂದು ಮಗಳು ಕೇಳಿದರೆ ಮಾವ, ‘ಅಕೀನ್ನ ಕೇಳು’ ಎನ್ನುತ್ತಿದ್ದರು.

ನಾನೂ ಕೇಳಿದೆ. ಆಗ ಕಂಪನಿಯ ಕಟ್ಟಳೆ ಹೇಳಿದರು. ಒಬ್ಬರ ಪಾರ್ಟಿನ ಮಾತನ್ನು ಇನ್ನೊಬ್ಬರು ಬಾಯಿಬಿಟ್ಟು ಆಡುವಂತಿಲ್ಲ, ತಮಾಷೆಗೂ ಇಲ್ಲ. ತಾಲೀಮಿಗೆ ಯಾರಾದರೂ ಬಾರದಿದ್ದರೆ ಅವರ ಮಾತಿಗೆ ಬೇಕಾದಷ್ಟು ಹೊತ್ತು ಎಲ್ಲರೂ ಸುಮ್ಮನಿದ್ದು, ಆಮೇಲೆ ಮುಂದಿನವರು ತಮ್ಮ ಮಾತು ಎತ್ತಿಕೊಳ್ಳಬೇಕು. ಆಡಿಬಿಟ್ಟರೆ ಆ ಪಾರ್ಟು ಖಾಲಿಯಾಯಿತು, ಆ ಮನುಷ್ಯ ಇನ್ನು ಬರುವುದಿಲ್ಲ ಎಂದರ್ಥ.

‘ಯವ್ವಾ, ಅಕಿ ದನಿ ನಂಗ ಈಗ ಕೇಳ್ಸೂದಿಲ್ಲ,’ ಎಂದರು. ‘ಎಲ್ಲೂ ರೆಕಾರ್ಡೂ ಇಲ್ಲ. ಆದ್ರ ಅಕಿ ಎಷ್ಟೊತ್ತು ಮಾತಾಡ್ತಿದ್ಲು, ಎಲ್ಲಿ ತಡೀತಿದ್ಲು, ಅದು ನನ್ನ ಮೈಯಾಗ ಐತಿ. ಅದೂ ಹೋತಂದ್ರ ಅಕಿ ಪೂರಾ ಹೋದ್ಲು.’

ಅದಕ್ಕೇ ದಿನಾ ತಾಲೀಮು. ನನಗೆ ಅಳು ಬಂತು, ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಆ ಕಾಲಕ್ಕೆ ನನ್ನದು ಗಂಡನ ವೀಸಾದ ಬಾಲಕ್ಕೆ ಕಟ್ಟಿದ ವೀಸಾ. ಎಂ.ಎ. ಮಾಡಿದ್ದರೂ ಕೆಲಸ ಮಾಡುವಂತಿಲ್ಲ. ತಲೆ ಕೆಡಬಾರದೆಂದು ಬುಧವಾರ ಮಧ್ಯಾಹ್ನ ಪಬ್ಲಿಕ್ ಲೈಬ್ರರಿಯಲ್ಲಿ ವಾಲಂಟಿಯರ್ ಆಗಿದ್ದೆ. ಮೀಟಿಂಗ್ ರೂಮಿನಲ್ಲಿ ವಯಸ್ಸಾದವರಿಗೆ ಹಳೆಯ ಸಿನಿಮಾ ತೋರಿಸುತ್ತಿದ್ದರು. ಕುರ್ಚಿ ಹಾಕುವುದು, ಟಿ.ವಿ. ತಳ್ಳಿಕೊಂಡು ಬರುವುದು, ಕ್ಯಾಸೆಟ್ ಹಾಕುವುದು ನನ್ನ ಕೆಲಸ. ಆ ಚಳಿಗಾಲ, ಅದರ ಮುಂದಿನ ವಸಂತ ಪೂರ್ತಿ ಇಂಗ್ಲೆಂಡಿನ ಮೂವತ್ತರ ದಶಕದ ಹಾಸ್ಯ ಚಿತ್ರಗಳು. ಅವನ್ನು ಆರಿಸಿ, ಮೊದಲು ನಾಲ್ಕು ಮಾತಾಡುತ್ತಿದ್ದವರು ಒಬ್ಬ ಇಂಗ್ಲಿಷ್ ಅಜ್ಜಿ. ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕನನ್ನು ಮದುವೆಯಾಗಿ ಬಂದು, ಅವನನ್ನೂ ಮಣ್ಣು ಮಾಡಿ, ಒಬ್ಬರೇ ಇದ್ದರು. ಲಿಪ್‌ಸ್ಟಿಕ್ ಹಚ್ಚದೆ ಬಂದವರಲ್ಲ.

ನಿಜ ಹೇಳಬೇಕೆಂದರೆ ಆ ಚಿತ್ರಗಳು ನನಗೆ ಮೊದಮೊದಲು ನಗು ತರಿಸಲಿಲ್ಲ, ಹೆದರಿಸಿದವು. ಗುಂಡಗಿನ ಒಬ್ಬ ಮೇಷ್ಟ್ರ ಪಾತ್ರದವನು ಏನೋ ಪೆದ್ದು ಮಾತು ಹೇಳಿ ಕಣ್ಣು ಪಿಳಿಪಿಳಿ ಮಾಡುತ್ತಾ ನಿಲ್ಲುತ್ತಾನೆ. ಎದುರಿಗಿದ್ದವನೂ ಬಾಯಿ ಬಿಡದೆ ನಿಲ್ಲುತ್ತಾನೆ. ಹಿಂದೆ ಸಂಗೀತವಿಲ್ಲ. ಹಳೆಯ ಫಿಲ್ಮಿನ ಸರಸರ ಸದ್ದು ಮಾತ್ರ. ಯಾರಿಗಾಗಿ ನಿಂತಿದ್ದಾರೆ ಇವರು? ರೂಮಿನಲ್ಲಿ ಅರ್ಧ ಜನ ತೂಕಡಿಸುತ್ತಿದ್ದಾರೆ. ಆಮೇಲೆ ಏನೂ ಆಗದವರಂತೆ ಮಾತು ಮುಂದುವರಿಸುತ್ತಾರೆ.

ಇಂಗ್ಲಿಷ್ ಅಜ್ಜಿಯನ್ನು ಕೇಳಿದೆ.

‘ನಮಗಾಗಿ ನಿಂತಿದ್ದಾರೆ ಕಣಮ್ಮಾ,’ ಎಂದರು.

ಅವರ ತಾಯಿ ಸಮುದ್ರ ತೀರದ ಊರೊಂದರ ಥಿಯೇಟರಿನಲ್ಲಿ ಟಿಕೆಟ್ ಹರಿಯುತ್ತಿದ್ದರಂತೆ. ಇವರು ಲಂಗ ಹಾಕುವ ವಯಸ್ಸಿನಿಂದ ಅಲ್ಲೇ ಬೆಳೆದವರು. ಆ ನಟರಲ್ಲಿ ಬಹಳಷ್ಟು ಜನ ಮ್ಯೂಸಿಕ್ ಹಾಲಿನವರು. ಅಲ್ಲಿ ಒಂದೇ ಸಂಜೆಗೆ ಹಾಡು, ದೊಂಬರಾಟ, ಮಾತಿನ ಚಟಾಕಿ ಎಲ್ಲ ಇರುತ್ತಿತ್ತಂತೆ. ಇನ್ನು ಕೆಲವರು ಲಂಡನ್ನಿನ ಪ್ರಹಸನಗಳಿಂದ ಬಂದವರು. ಹತ್ತು ಬಾಗಿಲು, ಒಬ್ಬ ಸುಳ್ಳ, ಜಾರುವ ಪ್ಯಾಂಟು, ಅದೇ ಬಂಡವಾಳ. ಒಂದೇ ಆಟವನ್ನು ತಿಂಗಳುಗಟ್ಟಲೆ ಆಡಿ ಆಡಿ, ಯಾವ ಮಾತಿಗೆ ಜನ ಎಷ್ಟು ಹೊತ್ತು ನಗುತ್ತಾರೆ ಎಂಬುದು ಅವರಿಗೆ ರಕ್ತಗತವಾಗಿತ್ತು. ಟಾಕಿ, ಅಂದರೆ ಮಾತಾಡುವ ಸಿನಿಮಾ, ಬಂದಾಗ ಕ್ಯಾಮೆರಾವನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದಂತೆ ಇಟ್ಟು ಬೇಗ ಬೇಗ ತೆಗೆದರು. ನಟರು ಸ್ಟುಡಿಯೋದಲ್ಲಿ ನಗುವವರು ಯಾರೂ ಇಲ್ಲದಿದ್ದರೂ ನಗುವಿಗೆ ಜಾಗ ಬಿಟ್ಟೇ ಬಿಟ್ಟರು.

‘ಆ ಥಿಯೇಟರ್ ಕೆಡವಿ ಪಾರ್ಕಿಂಗ್ ಲಾಟ್ ಮಾಡಿದ್ದಾರೆ. ನನ್ನ ತಾಯಿ ಇಲ್ಲ, ನನ್ನ ಪಕ್ಕ ಕೂತು ನಕ್ಕವರು ಯಾರೂ ಇಲ್ಲ. ಆದರೆ ನಾವು ಎಷ್ಟು ಹೊತ್ತು ನಕ್ಕೆವು ಅನ್ನುವುದು ಅಲ್ಲಿದೆ ನೋಡು,’ ಎಂದು ಟಿ.ವಿ. ಕಡೆ ಬೆರಳು ತೋರಿಸಿದರು.

ನನಗೆ ಮಾವನ ನೆನಪಾಗದೆ ಇರುತ್ತದೆಯೇ? ಮುಂದಿನ ಬುಧವಾರ ಅವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಅಜ್ಜಿ ಹೇಳಿದ್ದನ್ನೆಲ್ಲ ದಾರಿಯಲ್ಲೇ ಹೇಳಿದ್ದೆ. ಮಂಕಿ ಕ್ಯಾಪ್, ಮೇಲೆ ನನ್ನ ಗಂಡನ ಜಾಕೆಟ್ ಹಾಕಿಕೊಂಡು ಅವರು ಮುಂದಿನ ಸಾಲಿನಲ್ಲೇ ಕುಳಿತರು. ಇಂಗ್ಲಿಷ್ ಒಂದಕ್ಷರ ತಿಳಿಯದಿದ್ದರೂ ಪಾತ್ರಧಾರಿಯೊಬ್ಬ ಒಳಗೆ ಬಂದು ಗಕ್ಕನೆ ನಿಂತಾಗ ತೊಡೆ ತಟ್ಟಿಕೊಂಡರು. ‘ಚಪ್ಪಾಳಿಗೆ ನಿಂತಾನ್ಲೇ ಮಗಾ!’

ಮನೆಗೆ ಬಂದವರೇ ನನ್ನ ಗಂಡನಿಗೆ ಗಂಟುಬಿದ್ದರು. ನನ್ನ ಗಂಡ ಮೈಸೂರಿನವರು, ಇಂಜಿನಿಯರ್. ಹೊಸದಾಗಿ ಕ್ಯಾಮ್‌ಕಾರ್ಡರ್ ಕೊಂಡಿದ್ದರು. ಅದರಲ್ಲಿ ತಮ್ಮ ಪ್ರವೇಶವನ್ನು, ಅಂದರೆ ಆ ಬಾಗಿಲಿನ ದೃಶ್ಯವನ್ನು, ಹಿಡಿದುಕೊಡಬೇಕು ಎಂದು ಮಾವ ಹಟ ಹಿಡಿದರು. ಅತ್ತೆಯ ಮಾತಿಗೆ ಬಿಟ್ಟ ಹೊತ್ತು ಅದರಲ್ಲಿ ಉಳಿದುಬಿಟ್ಟರೆ ತಾವು ಮರೆತರೂ ಚಿಂತೆಯಿಲ್ಲ ಎಂಬುದು ಅವರ ಲೆಕ್ಕಾಚಾರ. ಭಾನುವಾರ ಬೇಸ್‌ಮೆಂಟಿನಲ್ಲಿ ಶೂಟಿಂಗ್ ಆಯಿತು. ಮಾವ ನನ್ನ ಪೌಡರ್, ಕುಂಕುಮ, ಕಾಡಿಗೆ ಎಲ್ಲ ಬಳಿದುಕೊಂಡು, ಬಾಗಿಲು ತಟ್ಟಿ, ನಿಂತು, ಕಿವಿಗೊಟ್ಟು, ಪೂರ್ತಿ ಪ್ರವೇಶ ಆಡಿದರು. ಮುಗಿಸಿ ಕುಳಿತಾಗ ಅವರ ಮನಸ್ಸು ಎಷ್ಟು ಹಗುರವಾಗಿತ್ತೆಂದರೆ, ಅಂದು ರಾತ್ರಿ ಎರಡು ಚಪಾತಿ ಹೆಚ್ಚಿಗೆ ತಿಂದರು.

ನನ್ನ ಗಂಡನ ಬಾಯಿ ಸುಮ್ಮನಿರುತ್ತದೆಯೇ? ಆಫೀಸಿನ ಸ್ನೇಹಿತರಿಗೆಲ್ಲ ಹೇಳಿದರು. ಅವರಲ್ಲೊಬ್ಬರು ನಾರ್ತ್ ಕ್ಯಾರೊಲಿನಾದ ಕನ್ನಡ ಸಂಘದವರಿಗೆ ಹೇಳಿದರು. ಮಾರಿಸ್‌ವಿಲ್‌ನ ದೇವಸ್ಥಾನದ ಹಾಲಿನಲ್ಲಿ ಯುಗಾದಿ ಕಾರ್ಯಕ್ರಮ, ಅಂಕಲ್ ಬಂದು ಸ್ಟೇಜ್ ಮೇಲೆ ಮಾಡಿಕೊಡಬೇಕು ಎಂದು ಅವರ ಫೋನು ಬಂತು.

‘ಜೋಡಿ ಇಲ್ಲದ ನಾ ಸ್ಟೇಜ್ ಹತ್ತೂದಿಲ್ಲ,’ ಎಂದರು ಮಾವ.

‘ಹಾಗಾದ್ರೆ ಟೇಪ್ ತೋರಿಸೋಣ ಬಿಡಿ ಮಾವ,’ ಎಂದರು ನನ್ನ ಗಂಡ. ಮಾವ ಹೂಂ ಎಂದರು. ಒಳಗೊಳಗೆ ಖುಷಿಯೂ ಇತ್ತು.

ಕಾರಿನಲ್ಲಿ ಅಷ್ಟು ದೂರ ಹೋದೆವು. ದಾರಿಯಲ್ಲಿ ರೆಸ್ಟ್ ಏರಿಯಾದಲ್ಲಿ ಪುಳಿಯೋಗರೆ ತಿಂದೆವು. ಹಾಲಿನ ತುಂಬ ರೇಷ್ಮೆ ಸೀರೆ, ಮಕ್ಕಳ ಗಲಾಟೆ, ಒಬ್ಬಟ್ಟಿನ ವಾಸನೆ. ದೊಡ್ಡ ಟಿ.ವಿ.ಯಲ್ಲಿ ಮಾವ ಕಾಣಿಸಿಕೊಂಡರು. ಬಾಗಿಲು ತಟ್ಟಿದರು.

‘ಬಾಗಲಾ ತಗೀ, ನಾ ಬಂದೀನಿ. ನಾ ಅಂದ್ರ ಯಾರೇನ? ನಿನ್ನ ಗಂಡ! ಹಂಗಾರ ನಾ ಯಾರು?’

ಒಂದೇ ಉಸಿರಿಗೆ! ಜನ ಗೊಳ್ಳೆಂದರು. ಟಿ.ವಿ.ಯ ಮಾವ ಹುಚ್ಚು ಹಿಡಿದವರಂತೆ ಬಾಗಿಲಿಗೆ ವಟವಟ ಎನ್ನುತ್ತಲೇ ಇದ್ದರು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಚಿತ್ರ ಸಣ್ಣಗೆ ಹಾರುತ್ತಿತ್ತು. ಮುಗಿದಾಗ ಹಿಂದಿನ ಸಾಲಿನಿಂದ ಯಾರೋ ಊರಿನ ನೆನಪಿನಲ್ಲಿ ‘ಒನ್ಸ್ ಮೋರ್!’ ಎಂದು ಕೂಗಿದರು. ಇನ್ನೊಮ್ಮೆ ಹಾಕಿದರು. ನಾನು ಮಾವನ ಮುಖ ನೋಡಿದೆ. ಅವರ ತುಟಿ ಆ ಟಿ.ವಿ.ಯ ಓಟಕ್ಕೆ ಸರಿಯಾಗಿ ಅಲುಗಾಡುತ್ತಿತ್ತು.

ಹೊರಗೆ ಪಾರ್ಕಿಂಗ್‌ನಲ್ಲಿ ಗಂಡನ ಮೇಲೆ ಹಾರಿಬಿದ್ದೆ.

‘ಏನ್ರೀ ಮಾಡಿದ್ರಿ ನೀವು?’

‘ಯಾಕೆ, ಏನಾಯ್ತು? ಹತ್ತು ನಿಮಿಷದ ಸ್ಲಾಟ್ ಕೊಟ್ಟಿದ್ರು ಕಣೇ. ಮಧ್ಯ ಮಧ್ಯ ಬ್ಲ್ಯಾಂಕ್ ಇತ್ತು. ಪಾಪ, ವಯಸ್ಸಾಯ್ತು, ಡೈಲಾಗ್ ಮರ್ತಿದ್ದಾರೆ, ಜನದ ಮುಂದೆ ಅವಮಾನ ಆಗ್ಬಾರ್ದು ಅಂತ ಎರಡು ವಿ.ಸಿ.ಆರ್. ಇಟ್ಕೊಂಡು ಕೂತು ಎಲ್ಲಾ ಕಟ್ ಮಾಡ್ದೆ.’

‘ಮೊದಲಿನ ಟೇಪ್ ಎಲ್ಲಿ?’

ಅವರು ತಲೆ ಕೆರೆದುಕೊಂಡರು. ಅದರ ಮೇಲೆ ಮಗಳ ಸ್ಕೂಲಿನ ಡ್ಯಾನ್ಸ್ ರೆಕಾರ್ಡ್ ಮಾಡಿದ್ದರು. ಬಯ್ಯಲು ಬಾಯಿ ತೆರೆದೆ. ಮುಖ ನೋಡಿದರೆ ಅಯ್ಯೋ ಎನಿಸಿತು. ಅವರು ಮಾವನ ಮರ್ಯಾದೆ ಉಳಿಸಲೆಂದೇ ರಾತ್ರಿಯೆಲ್ಲ ಕೂತಿದ್ದರು. ದುಷ್ಟತನಕ್ಕಾದರೆ ಬಯ್ಯಬಹುದು, ಇಂಥ ಒಳ್ಳೆಯತನಕ್ಕೆ ಏನು ಮಾಡುವುದು?

ಮಾವ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತರು. ಬೆಲ್ಟ್ ನಾನೇ ಹಾಕಿದೆ. ರಿಚ್ಮಂಡ್ ಊರು ದಾಟಿದ ಮೇಲೆ, ‘ಅಕೀಗೆ ಮಾತಾಡಾಕ ಬಿಡಲಿಲ್ಲಲ್ಲ ನಾ,’ ಎಂದರು. ಬಯ್ದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ್ದು ಕೇಳಿಸಿ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತೆ. ಮಾವ ಮೊದಲ ಮಾತು ಹೇಳಿದರು, ಎರಡನೆಯದಕ್ಕೆ ತಡೆಯಲಾಗಲಿಲ್ಲ, ಟೇಪಿನ ಓಟಕ್ಕೆ ಬಿದ್ದು ಹೇಳಿಯೇಬಿಟ್ಟರು. ಮತ್ತೆ ಮೊದಲಿನಿಂದ ಹಿಡಿದರು. ಈ ಸಲ ಸುಮ್ಮನೆ ನಿಂತರು, ಆದರೆ ಎಲ್ಲಿಗೆ ಮುಗಿಯಿತು ಎಂದು ತಿಳಿಯದೆ ನಿಂತೇ ಇದ್ದರು. ಡ್ರೈಯರ್ ಮುಗಿದು ಬಝರ್ ಹೊಡೆದಾಗ ಬೆಚ್ಚಿಬಿದ್ದರು. ಆಮೇಲಿನ ದಿನಗಳಲ್ಲಿ ಬೇಸ್‌ಮೆಂಟಿಗೆ ಇಳಿಯಲೇ ಇಲ್ಲ. ಆ ಬಾಗಿಲ ಮುಂದೆ ಬಟ್ಟೆ ಹೊತ್ತುಕೊಂಡು ಹೋಗುವಾಗ ನನಗೇ ಒಳಗೆ ಯಾರೋ ಕಾಯುತ್ತಿದ್ದಾರೆ ಎನಿಸುತ್ತಿತ್ತು, ತೆಗೆಯಲು ಕೈ ಬರುತ್ತಿರಲಿಲ್ಲ. ಹುಚ್ಚು ಎಂದು ನನ್ನನ್ನೇ ಬೈದುಕೊಂಡು ತೆಗೆಯುತ್ತಿದ್ದೆ.

ಬೇಡವೆಂದರೂ ಬಿಡದೆ ಬುಧವಾರ ಮಾವನನ್ನು ಲೈಬ್ರರಿಗೆ ಎಳೆದುಕೊಂಡು ಹೋದೆ. ಅಂದಿನ ಚಿತ್ರ ಲಂಡನ್ನಿನ ರಂಗದಿಂದ ಬಂದ ಒಂದು ಪ್ರಹಸನ. ಅರ್ಧ ಮುಗಿದಾಗ ಗಂಡನ ಪಾತ್ರಧಾರಿ ತನ್ನದೇ ಮನೆಯಿಂದ ಹೊರಬಿದ್ದು, ಪೈಜಾಮದಲ್ಲೇ ಬಾಗಿಲು ತಟ್ಟಿದ. ಒಳಗಿನ ಹೆಂಡತಿಗೆ ಏನೋ ಹೇಳಿದ. ಆಮೇಲೆ ತಲೆ ಒಂದು ಕಡೆ ವಾಲಿಸಿ ನಿಂತ, ಎಂದೋ ಸತ್ತುಹೋದ ಜನರ ನಗು ಮುಗಿಯುವುದನ್ನು ಕಾಯುತ್ತಾ.

ಮಾವ ಕುರ್ಚಿಯ ಅಂಚಿಗೆ ಸರಿದರು. ಅವರ ಗಂಟಲಿನಿಂದ ಹೆಣ್ಣು ದನಿಯೊಂದು ಬಂತು. ನಿದ್ದೆಗಣ್ಣಿನ, ರಾಗವಾದ, ಸ್ವಲ್ಪವೂ ಸಿಟ್ಟಿಲ್ಲದ ದನಿ.

‘ನನ್ನ ಗಂಡ ಆಗಲೇ ಬಂದು ಉಂಡು ಮಲಗ್ಯಾನ. ನೀ ಯಾರಪಾ?’

ಅತ್ತೆಯ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ. ಹಿಂದೆ ಕುಳಿತಿದ್ದ ಇಂಗ್ಲಿಷ್ ಅಜ್ಜಿಗೆ ಏನು ತಿಳಿಯಿತೋ, ಎಷ್ಟು ತಿಳಿಯಿತೋ, ಸರಿಯಾಗಿ ಅದೇ ಜಾಗದಲ್ಲಿ ಜೋರಾಗಿ ನಕ್ಕರು. ಆ ನಗು ಮುಗಿಯುವುದಕ್ಕೂ ಪರದೆಯ ಗಂಡ ಮತ್ತೆ ಬಾಯಿ ತೆರೆಯುವುದಕ್ಕೂ ಸರಿಹೋಯಿತು.

ನಾನು ಮಾವನ ಮುಂದಿನ ಮಾತಿಗೆ ಕಾದೆ. ಅವರು ಹೇಳಲಿಲ್ಲ. ಅಂಗೈಯಿಂದ ಕಣ್ಣೊರೆಸಿಕೊಂಡು, ‘ಅಕಿ ಪಾರ್ಟು ಇನ್ನ ಖಾಲಿ ಆತು, ಯವ್ವಾ,’ ಎಂದರು. ನನ್ನ ಕೈ ಹಿಡಿದು ಚಿತ್ರ ಮುಗಿಯುವವರೆಗೆ ಬಿಡಲಿಲ್ಲ.

ವೀಸಾ ಮುಗಿದು ಮಾವ ಹುಬ್ಬಳ್ಳಿಗೆ ಹೊರಟುಹೋದರು. ಏರ್‌ಪೋರ್ಟಿನಲ್ಲಿ ಮಗಳು ಕಾಲಿಗೆ ಬಿದ್ದು, ‘ಅಜ್ಜಾ, ಬಾಗಿಲಿನ ಕೊನೇ ಮಾತು ಹೇಳು’ ಎಂದು ಕಾಡಿದಳು. ಅವರು ನಕ್ಕು ತಲೆ ಸವರಿದರು, ಹೇಳಲಿಲ್ಲ. ಅವಳು ತಾನೇ ಹೇಳಲು ಹೊರಟಾಗ ನಾನು ಅವಳ ಬಾಯಿ ಮುಚ್ಚಿದೆ. ಗಂಡ ನನ್ನನ್ನು ವಿಚಿತ್ರವಾಗಿ ನೋಡಿದರು.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಊರಿನಿಂದ ಫೋನು ಬಂತು. ಮಲಗಿದವರು ಏಳಲಿಲ್ಲ ಎಂದರು. ಉಂಡು ಮಲಗಿದ್ದರಾ ಎಂದು ಕೇಳಿದೆ. ಹೂಂ, ಉಂಡೇ ಮಲಗಿದ್ದರು ಎಂದರು.

ಅಂದೇ ಲೈಬ್ರರಿಗೆ ಹೋಗಿ ಆ ಪ್ರಹಸನದ ಕ್ಯಾಸೆಟ್ ತಂದೆ. ಮನೆಯಲ್ಲಿ ಯಾರೂ ಇರಲಿಲ್ಲ. ಬೇಸ್‌ಮೆಂಟಿನಲ್ಲಿ ಕುಳಿತು ಬಾಗಿಲು ತಟ್ಟುವ ಜಾಗದವರೆಗೆ ಓಡಿಸಿದೆ. ಪೈಜಾಮದ ಗಂಡ ಮಾತು ಮುಗಿಸಿ, ತಲೆ ವಾಲಿಸಿ ನಿಂತ. ಮೊದಲು ಅತ್ತೆಯ ಮಾತನ್ನು ಹೇಳಿದೆ. ಅದು ಖಾಲಿಯಾದ ಪಾರ್ಟು, ಯಾರಾದರೂ ಹೇಳಬಹುದು. ಆಮೇಲೆ ವಾಷಿಂಗ್ ಮಷೀನಿನ ಕೋಣೆಯ ಬಾಗಿಲು ನೋಡುತ್ತಾ ಎಷ್ಟೋ ಹೊತ್ತು ಸುಮ್ಮನೆ ಕುಳಿತೆ, ಮಾವನೇ ಹೇಳಲಿ ಎಂದು. ಚಿತ್ರದವರು ಮಾತು ಮುಂದುವರಿಸಿ, ಮದುವೆಯೋ ಮತ್ತೊಂದೋ ಆಗಿ, ಕಥೆ ಮುಗಿಸಿದರು.

ಟಿ.ವಿ. ಆರಿಸಿದೆ. ಆಮೇಲೆ ನಾನೇ ಹೇಳಿದೆ: ‘ಹಂಗಾರ ನಾ ಯಾರು?’