ಮತ್ತು ಸಂಗಡಿಗರು

ಮೊನ್ನೆ ಸಂಭಾಜಿನಗರದ ನಮ್ಮ ಮನೆಗೆ ಬಂದ ಪೊಟ್ಟಣ ಬಿಚ್ಚಿದಾಗ ಹೊಸ ರಟ್ಟಿನ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ಹಳೆಯ ಭಾವಗೀತೆಗಳ ಒಂದು ಆಲ್ಬಮ್. ಐವತ್ತು ವರ್ಷ ತುಂಬಿತೆಂದು ಮೊದಲಿನಂತೆಯೇ ದೊಡ್ಡ ಕಪ್ಪು ರೆಕಾರ್ಡಿನಲ್ಲಿ ಮತ್ತೆ ಹೊರತಂದಿದ್ದಾರೆ. ಅದನ್ನು ನುಡಿಸುವ ಯಂತ್ರ ನಮ್ಮ ಮನೆಯಲ್ಲಿಲ್ಲ, ಆದರೂ ತರಿಸಿದೆ. ನನಗೆ ಬೇಕಿದ್ದದ್ದು ಜೊತೆಗಿನ ಪುಸ್ತಿಕೆ. ಅದರಲ್ಲಿ ಒಂದು ಹೆಸರಿದೆಯೋ ಇಲ್ಲವೋ ನೋಡಬೇಕಿತ್ತು.

ನಾನು ಚಿಕ್ಕವಳಿದ್ದಾಗ ನಾವು ನಾಸಿಕದ ಪಂಚವಟಿಯಲ್ಲಿದ್ದೆವು. ಅಪ್ಪ ಬೀದರಿನವರು, ಬ್ಯಾಂಕಿನ ನೌಕರಿ. ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಹೋಟೆಲಿನವರು. ಆ ಮನೆಯಾಕೆಯನ್ನು ನಾವು ಮಕ್ಕಳು ಮರಾಠಿ ರೂಢಿಯಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಮಧ್ಯಾಹ್ನ ಊಟದ ಗಿರಾಕಿಗಳು ಕರಗಿದ ಮೇಲೆ ಕಾಕು ಮನೆಗೆ ಬಂದು, ಇದೇ ಆಲ್ಬಮಿನ ಕ್ಯಾಸೆಟ್ ಹಾಕಿ, ಮರುದಿನದ ಸಾಂಬಾರಿಗೆ ತೊಗರಿಬೇಳೆ ಆರಿಸುತ್ತ ಕೂಡುತ್ತಿದ್ದರು. ಮೂರನೆಯ ಹಾಡಿನ ಪಲ್ಲವಿ ಬಂದಾಗ ಕೈ ಎತ್ತುವರು.

"ಇಲ್ಲಿ ಕೇಳು ಮಾರಾಯ್ತಿ, ಹಿಂದಿನಿಂದ ಎಳೀತದಲ್ಲ, ಅದು ನಂದೇ ದನಿ."

ಮದುವೆಗೆ ಮುಂಚೆ ಕಾಲೇಜಿನ ಗೆಳತಿಯರ ಜೊತೆ ಕೋರಸ್ ಹಾಡಲು ಹೋಗಿದ್ದರಂತೆ. ಎಲ್ಲರಿಗೂ ಸೇರಿ ಒಂದೇ ಮೈಕು. ಇವರ ಗಂಟಲು ದೊಡ್ಡದೆಂದು ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿದ್ದರಂತೆ. ಓಣಿಯವರು ಎದುರಿಗೆ ಹೂಂ ಹೂಂ ಎನ್ನುತ್ತಿದ್ದರು, ಬೆನ್ನ ಹಿಂದೆ ನಗುತ್ತಿದ್ದರು.

ನಾನು ಹತ್ತು ವರ್ಷದ ಅಧಿಕಪ್ರಸಂಗಿ. ಕ್ಯಾಸೆಟ್ಟಿನ ಕವರು ಒಯ್ದು ಅಪ್ಪನಿಂದ ಓದಿಸಿದೆ. ನಾಸಿಕದ ಮರಾಠಿ ಶಾಲೆಯ ನನಗೆ ಆಗಿನ್ನೂ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಗಾಯಕರಿಬ್ಬರ ಹೆಸರು, ಕೆಳಗೆ 'ಮತ್ತು ಸಂಗಡಿಗರು'. ಅಷ್ಟೇ. ಸಂಕ್ರಾಂತಿಯ ಹಳದಿ-ಕುಂಕುವಿಗೆ, ಅಂದರೆ ಅರಿಶಿನ-ಕುಂಕುಮಕ್ಕೆ, ಹೆಂಗಸರೆಲ್ಲ ಕಾಕುವಿನ ಮನೆಯಲ್ಲಿ ಕೂತಿದ್ದಾಗ ಕವರನ್ನು ಎತ್ತಿ ಹಿಡಿದು ಕೂಗಿದೆ.

"ಕಾಕು, ಇದರಾಗ ನಿಮ್ಮ ಹೆಸರೇ ಇಲ್ಲರೀ! ಸುಳ್ಳ ಹೇಳ್ತೀರಿ!"

ಮನೆ ತುಂಬ ನಗು. ಕಾಕು ನನ್ನ ಅಂಗೈಗೂ ಒಂದು ಎಳ್ಳುಂಡೆ ಇಟ್ಟರು... ಮರುದಿನದಿಂದ ಆ ಮನೆಯಲ್ಲಿ ಹಾಡು ನಿಂತಿತು. ಅಪ್ಪನಿಗೆ ವರ್ಗವಾಗಿ ನಾವು ಊರು ಬಿಡುವ ತನಕವೂ ಮತ್ತೆ ಕೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆ ಗಾದೆ ಕೇಳಿದಾಗಲೆಲ್ಲ ನನಗೆ ಕಾಕುವಿನ ಮುಖವೇ ನೆನಪಾಗುತ್ತಿತ್ತು. ಒಬ್ಬರ ಹಾಡನ್ನೇ ಕಸಿದುಕೊಂಡೆನೆಂದು ಕೊರಗಿದೆ. ಕ್ಷಮೆ ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಪುಸ್ತಿಕೆಯ ಕೊನೆಯ ಪುಟದಲ್ಲಿ ಈ ಸಲ ಸಂಗಡಿಗರ ಹೆಸರುಗಳನ್ನೂ ಹಾಕಿದ್ದಾರೆ. ನಾಲ್ಕನೆಯದು ಕಾಕುವಿನದು, ತವರೂರಿನ ಹೆಸರು ಸಮೇತ. ಅವರು ತೀರಿಕೊಂಡು ಎರಡು ವರ್ಷವಾಗಿದೆ. ನಾಸಿಕದಲ್ಲೇ ಇರುವ ಅವರ ಮಗಳಿಗೆ ಫೋನ್ ಮಾಡಿ ಹೆಸರು ಓದಿ ಹೇಳಿದೆ, ಹಾಗೆಯೇ ನನ್ನ ಹಳೆಯ ಪಾಪವನ್ನೂ ಒಪ್ಪಿಸಿದೆ. ಅವಳು ಗೊಳ್ಳೆಂದು ನಕ್ಕಳು.

"ಅರೇ ಅಕ್ಕಾ, ನಿಮ್ಮಿಂದ ಅಲ್ಲ! ಮರುದಿನ ನಾನೇ ಆಟ ಆಡ್ತಾ ಆ ಟೇಪ್ ಎಳೆದು ಹರಿದು ಹಾಕಿದ್ದು. ಅಪ್ಪ ಹೊಡೀತಾರೆ ಅಂತ ಅಮ್ಮ ಯಾರಿಗೂ ಹೇಳ್ಲಿಲ್ಲ. ನಿಮ್ಮನ್ನ ನೆನೆಸ್ಕೊಂಡು ಎಷ್ಟು ನಗ್ತಿದ್ರು ಗೊತ್ತಾ? ಬಾಕಿಯವ್ರೆಲ್ಲ ಸುಮ್ನೆ ಹೂಂ ಅಂದ್ರು, ಮೇಲಿನ ಮನೆ ಹುಡುಗಿ ಒಬ್ಬಳೇ ನನ್ನ ಹೆಸರು ಹುಡುಕಿದ್ದು ಅಂತಿದ್ರು."

ಫೋನ್ ಇಟ್ಟೆ. ಇಷ್ಟು ವರ್ಷ ಹೊತ್ತ ಭಾರ ಇಳಿದು ಎದೆ ಹಗುರಾಯಿತು, ನಗುವೂ ಬಂತು. ಆಮೇಲೆ ಕಣ್ಣು ತುಂಬಿತು... ಹುಡುಕಿದ ಹೆಸರು ಸಿಕ್ಕಿತು ಕಾಕು, ಎಂದು ಹೇಳಲು ಅವರೇ ಇಲ್ಲ.