ವದಾದಳ ಬಟ್ಟೆ ಕ್ಲಿಪ್ಪುಗಳು

ಬೈರೂತಿನ ಪತ್ರಿಕೆಗಳ ಮುಖಪುಟದಲ್ಲಿ ಯಾವ ಚೆಲುವೆ ನಕ್ಕರೂ ಅವಳ ಬೆನ್ನ ಮೇಲೆ ಸಿಂಗಾರ ಮಾಡುವ ವದಾದಳ ಕ್ಲಿಪ್ಪುಗಳು ಇದ್ದೇ ಇರುತ್ತಿದ್ದವು. ಅಂಗಡಿಯಿಂದ ಎರವಲು ತಂದ ಉಡುಪು ಯಾರ ಮೈಗೆ ತಾನೇ ಸರಿಯಾಗಿ ಕೂರುತ್ತದೆ? ಕತ್ತರಿಸಿ ಹೊಲಿದರೆ ಅಂಗಡಿಯವನು ಸುಮ್ಮನೆ ಬಿಟ್ಟಾನೆಯೇ? ಅದಕ್ಕೇ ಅವಳು ಹಿಂದಿನಿಂದ ಬಿಗಿಯಾಗಿ ಎಳೆದು, ಒಗೆದ ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸಿಬಿಡುವಳು. ಮುಂದೆ ಮಹಾರಾಣಿ, ಹಿಂದೆ ಬಟ್ಟೆ ಒಣಹಾಕುವ ತಂತಿ! ಕ್ಯಾಮೆರಾಕ್ಕೆ ಬೆನ್ನು ಕಟ್ಟಿಕೊಂಡು ಏನಾಗಬೇಕು?

ಮುಖದ ಬಣ್ಣವೂ ಅವಳದೇ. ಕೊನೆಯ ಗಳಿಗೆಯವರೆಗೂ ಚೆಲುವೆಯ ಮೂಗಿಗೆ ಪೌಡರು ಒತ್ತುತ್ತ ನಿಂತಿರುವಳು. ಛಾಯಾಗ್ರಾಹಕ ಬುತ್ರುಸ್ ಕ್ಲಿಕ್ಕಿಸುವ ಮುನ್ನ "ಯಲ್ಲಾ!", ಅಂದರೆ 'ಹೂಂ, ಶುರು!', ಎಂದು ಕೂಗಿದ್ದೇ ತಡ, ಬಗ್ಗಿ ಪಕ್ಕಕ್ಕೆ ಜಿಗಿಯುವಳು. ಈ ಚಾಳಿ ಮನೆಯಲ್ಲೂ ಬಿಡಲಿಲ್ಲ. ಅಕ್ಕ ನಜ್ಲಾಳ ಗೋಡೆಯ ಮೇಲಿನ ಪಟಗಳಲ್ಲಿ ಇಡೀ ವಂಶವಿತ್ತು, ವದಾದ್ ಮಾತ್ರ ಇರಲಿಲ್ಲ. ಒಂದರಲ್ಲಿ ಅವಳ ಮೊಣಕೈ ಇತ್ತು.

"ಊರೋರ ಮಕ್ಕಳಿಗೆಲ್ಲ ಮುಖ ಕೊಡ್ತೀಯ, ನಮ್ಮ ಪಾಲಿಗೆ ಬರೀ ಮೊಣಕೈ" ಎಂದು ನಜ್ಲಾ ಕುಟುಕುತ್ತಿದ್ದಳು.

ಆದರೂ ಮಗಳು ರನೀಮಳ ಮದುವೆ ಬಂದಾಗ ಸಿಂಗಾರವನ್ನು ತಂಗಿಗೇ ಒಪ್ಪಿಸಿದಳು. "ಗಂಡಿನ ಕಡೆಯವರು ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಹುಳುಕು ಹುಡುಕೋ ಜನ. ನನ್ನ ಮಾನ ನಿನ್ನ ಕೈಲಿದೆ ಕಣೇ."

ಮದುವೆಯ ಗಡಿಬಿಡಿಯಲ್ಲಿ ಹುಡುಗಿ ಸೊರಗಿ, ಗೌನು ದೊಗಳೆಯಾಗಿತ್ತು. ವದಾದಳ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಎದುರಿಗೆ ನಿಂತು ನೋಡಿದ ನಜ್ಲಾಳಿಗೆ ಕಣ್ಣು ತುಂಬಿಬಂತು. ಬಾಗಿಲು ತೆರೆಯಿತು, ಡೋಲುಗಳು ಮೊಳಗಿದವು, ಮದುಮಗಳು ಸಭಾಂಗಣದೊಳಗೆ ಹೆಜ್ಜೆಯಿಟ್ಟಳು. ಆಗ ವದಾದ್ ಆ ಬೆನ್ನು ನೋಡಿದಳು. ಅಯ್ಯೋ ದೇವರೇ! ತೆಳ್ಳನೆಯ ಮುಸುಕಿನ ಕೆಳಗೆ ಕೆಂಪು, ಹಸಿರು, ಹಳದಿ ಕ್ಲಿಪ್ಪುಗಳು! ಕಿತ್ತರೆ ಗೌನೇ ಜಾರುತ್ತದೆ.

ಕುಂಚ ತುಂಬಿದ ಏಪ್ರನ್ನಿನಲ್ಲೇ ಓಡಿಹೋಗಿ ರನೀಮಳ ಬೆನ್ನಿಗೆ ಅಂಟಿಕೊಂಡಳು.

"ಏನ್ ಚಿಕ್ಕಮ್ಮ ಇದು?"

"ಬಾಯ್ಮುಚ್ಕೊಂಡು ಕುಣಿ. ನನ್ನ ಬಿಟ್ಟು ತಿರುಗಿದ್ಯೋ, ಇಬ್ರ ಕಥೇನೂ ಮುಗೀತು!"

ರನೀಮ್ ಎಡಕ್ಕೆ ತಿರುಗಿದರೆ ವದಾದಳೂ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ವರನ ಸೋದರತ್ತೆ ಹುಬ್ಬು ಹಾರಿಸಿದಳು. "ಯಾರಿದು, ಬಾಲದ ಥರ?"

ಕೆಂಡವಾಗಿ ಬಂದ ನಜ್ಲಾ ತಂಗಿಗೂ ಮಗಳ ಬೆನ್ನಿಗೂ ನಡುವೆ ಇಣುಕಿದಳು, ಕ್ಲಿಪ್ಪು ಕಂಡಳು. ಆಮೇಲೆ ಆ ಸೋದರತ್ತೆಯತ್ತ ತಿರುಗಿ, "ನಮ್ಮ ಕಡೆ ಪದ್ಧತಿ ಅಮ್ಮಾ. ಹುಡುಗಿ ಬೆನ್ನಿಗೆ ಚಿಕ್ಕಮ್ಮ ಇರ್ಲೇಬೇಕು" ಎಂದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ, ಭಲೇ ಹೆಂಗಸು!

ಕುಟುಂಬದ ಫೋಟೋಗೆ ವರನ ಬಂಧುಗಳೆಲ್ಲ ಹಿಂದಿನ ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಅವರ ಕಣ್ಣು ನೆಟ್ಟಗೆ ಮದುಮಗಳ ಬೆನ್ನಿಗೇ! ಅವರಿಗೂ ಅವಳಿಗೂ ನಡುವೆ ಇದ್ದವಳು ವದಾದ್ ಒಬ್ಬಳೇ. ಅಲ್ಲಿಯೂ ಬುತ್ರುಸನೇ ಕ್ಯಾಮೆರಾ ಹಿಡಿದಿದ್ದ.

"ಯಲ್ಲಾ!"

ವದಾದಳ ಕಾಲು ತಾನಾಗಿ ಪಕ್ಕಕ್ಕೆ ಜಿಗಿಯಿತು. ನಜ್ಲಾ ಏಪ್ರನ್ನಿನ ದಾರ ಹಿಡಿದು ಹಿಂದಕ್ಕೆಳೆದಳು. "ಈ ಸಲ ಓಡಿದ್ರೆ ಕಾಲು ಮುರೀತೀನಿ!"

ಆ ಪಟದಲ್ಲಿ ಮದುಮಗಳ ಭುಜದ ಮೇಲಿಂದ ವದಾದ್ ಇಣುಕುತ್ತಿದ್ದಾಳೆ: ಕೆದರಿದ ಕೂದಲು, ಬಾಯಲ್ಲೊಂದು ನೀಲಿ ಕ್ಲಿಪ್ಪು, ಭೂತ ಕಂಡವಳಂತೆ ಬಿಟ್ಟ ಕಣ್ಣು.

"ಇದನ್ನ ಗೋಡೆಗೆ ಹಾಕ್ಬೇಡ ಕಣೇ ಅಕ್ಕಾ, ತುಟಿಗೆ ಒಂಚೂರು ಬಣ್ಣಾನೂ ಇಲ್ಲ" ಎಂದು ಗೋಗರೆದಳು.

"ಸುಮ್ನಿರು. ಕೊನೆಗೂ ಸಿಕ್ಕಿದ್ಯಲ್ಲ" ಎಂದ ನಜ್ಲಾ, ಮೊಣಕೈಯ ಪಟವನ್ನು ಇಳಿಸಿ ಅದೇ ಮೊಳೆಗೆ ಇದನ್ನು ತೂಗುಹಾಕಿದಳು.