ಪಕ್ಕದ ಮೈಲು

ಬೇರೆಯವರ ಹೊಲ ಮನೆ ನೋಡಿ ಹೊಟ್ಟೆ ಉರಿದುಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನನ್ನ ಹೊಟ್ಟೆ ಉರಿದದ್ದು ಒಂದು ಮೈಲು ರಸ್ತೆಯನ್ನು ನೋಡಿ. ಅದೂ ಸರಕಾರದ ರಸ್ತೆ. ಹೇಳಿದರೆ ಜನ ನಗುತ್ತಾರೆಂದು ಇಷ್ಟು ವರ್ಷ ಹೇಳಿರಲಿಲ್ಲ.

ಅರವತ್ತರ ದಶಕದಲ್ಲಿ ನಾನು ಸರಕಾರಿ ರಸ್ತೆಗಳನ್ನು ನೋಡಿಕೊಳ್ಳುವ ಬಾಂಧಕಾಮ ಖಾತೆಗೆ ಮೈಲಕೂಲಿಯಾಗಿ ಸೇರಿದೆ. ನಮ್ಮ ರಸ್ತೆ ಜತ್ತದಿಂದ ವಳಸಂಗದ ಕಡೆ ಹೋಗುವಂಥದ್ದು. ಡಾಂಬರು ಇನ್ನೂ ಬಂದಿರಲಿಲ್ಲ. ಕೆಳಗೆ ಖಡಿ ಎಂಬ ಜಲ್ಲಿಕಲ್ಲು, ಮೇಲೆ ಗರಸುಮಣ್ಣು ಹಾಕಿ ಬಡಿದ ರಸ್ತೆ ಅದು. ಒಬ್ಬೊಬ್ಬ ಕೂಲಿಗೆ ಒಂದೊಂದು ಮೈಲು ಹಂಚಿಕೊಟ್ಟಿದ್ದರು, ಅದೇ ಅವನ ಹದ್ದು. ತಗ್ಗು ಬಿದ್ದರೆ ಮುಚ್ಚಬೇಕು, ಬದಿಯ ಗಟಾರ ಕಟ್ಟಿಕೊಂಡರೆ ಬಿಡಿಸಬೇಕು, ಬಂಡಿಗಾಲಿ ಕೊರೆದ ಕಡೆ ಗರಸು ತುಂಬಿ ದಿಮ್ಮಸಿನಿಂದ ಬಡಿಯಬೇಕು. ಏಳನೆಯ ಮೈಲು ದರಿಬಡಚಿಯ ಒಬ್ಬನದು, ಎಂಟನೆಯದು ನನ್ನದು. ಅವನು ನನಗಿಂತ ಹತ್ತು ವರ್ಷ ದೊಡ್ಡವನು, ಕುರಿ ಕಾಯುವ ಮನೆತನದವನು. ನಾನು ಅವನಿಗೆ ಅಣ್ಣಾ ಎನ್ನುತ್ತಿದ್ದೆ, ಅವನು ನನಗೆ ತಮ್ಮಾ ಎನ್ನುತ್ತಿದ್ದ.

ಬಸ್ಸು ಅವನ ಮೈಲಿನಲ್ಲಿ ಓಡುತ್ತಿತ್ತು, ನನ್ನ ಕಲ್ಲು ದಾಟಿದ ಕೂಡಲೇ ಕುಂಟುತ್ತಿತ್ತು. ಒಮ್ಮೆ ನಾನು ಅದೇ ಬಸ್ಸಿನಲ್ಲಿ ಕುಳಿತಿದ್ದಾಗ ಡ್ರೈವರ್ ಗೇರು ಬದಲಿಸುತ್ತ, ಹಿಂದೆ ನಾನಿರುವುದನ್ನು ತಿಳಿಯದೆ, "ಗಟ್ಟಿ ಹಿಡಕೊಂಡ ಕುಂದ್ರಿ, ಈಗ ಇನ್ನೊಬ್ಬನ ಹದ್ದ ಬಂತು" ಎಂದ. ಜನ ನಕ್ಕರು. ನನ್ನ ಪಕ್ಕದ ಮುದುಕಿಯೂ ನಕ್ಕಳು. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ನಾನೇನು ಮೈಗಳ್ಳನಲ್ಲ. ಅವನಷ್ಟೇ ಹೊತ್ತು ದುಡಿಯುತ್ತಿದ್ದೆ. ಹಾಗಾಗಿ ನಾನು ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆ: ಅದೆಲ್ಲ ನೆಲದ ಗುಣ. ಅವನ ಮೈಲಿನ ಕೆಳಗೆ ಗಟ್ಟಿ ನೆಲ, ನನ್ನದರ ಕೆಳಗೆ ಎರೆಮಣ್ಣು. ನೆಲ ಮಾಡಿದ ಕೆಲಸಕ್ಕೆ ಹೆಸರು ಮಾತ್ರ ಅವನಿಗೆ. ಈ ಮಾತನ್ನು ದಿನಾ ಸಂಜೆ ಮನೆಯಲ್ಲಿ ಹೇಳಿ ಹೇಳಿ ಹೆಂಡತಿಗೆ ಸಾಕಾಗಿತ್ತು. "ಖಡಿ ರಸ್ತಾದ ಮ್ಯಾಲ ಹಾಕ್ರಿ, ಹೊಟ್ಟ್ಯಾಗ ಹಾಕ್ಕೋಬ್ಯಾಡ್ರಿ" ಎಂದಳು ಒಂದು ದಿನ. ಆ ರಾತ್ರಿ ಅವಳೊಡನೆ ಮಾತು ಬಿಟ್ಟೆ.

ಇಷ್ಟರಲ್ಲಿ ನಮ್ಮ ಮೇಲಿನ ಮುಕಾದಮನಿಗೆ ನಿವೃತ್ತಿ ಹತ್ತಿರ ಬಂತು. ಮುಕಾದಮನೆಂದರೆ ಗುದ್ದಲಿ ಬುಟ್ಟಿ ಬಿಟ್ಟು, ಸೈಕಲ್ ಮೇಲೆ ಹತ್ತೆಂಟು ಕೂಲಿಗಳ ಕೆಲಸ ನೋಡುತ್ತ ತಿರುಗುವವನು. ಆ ಜಾಗಕ್ಕೆ ನಮ್ಮಿಬ್ಬರಲ್ಲಿ ಒಬ್ಬನನ್ನು ತೆಗೆದುಕೊಳ್ಳುತ್ತಾರೆ, ಓವರ್‌ಸೀಯರ್ ಸಾಹೇಬರು ರಸ್ತೆ ನೋಡಿ ತೀರ್ಮಾನಿಸುತ್ತಾರೆ ಎಂಬ ಸುದ್ದಿ ಹಬ್ಬಿತು. ರಸ್ತೆ ನೋಡಿ ಎಂದ ಮೇಲೆ ಮುಗಿಯಿತಲ್ಲ. ನನಗೆ ಅನ್ನ ಸೇರದಾಯಿತು.

ಆಗ ನನ್ನ ದೈವ ತೆರೆಯಿತು. ಮೈಲುಗಲ್ಲುಗಳನ್ನು ಕಿತ್ತು ಕಿಲೋಮೀಟರ್ ಕಲ್ಲು ನೆಡಲು ಬಂದರು. ಹದ್ದುಗಳನ್ನೆಲ್ಲ ಹೊಸದಾಗಿ ಅಳೆದು ಒಬ್ಬೊಬ್ಬನಿಗೆ ಎರಡು ಕಿಲೋಮೀಟರ್ ಎಂದು ಹಂಚಿದರು. ಆ ಹಂಚಿಕೆಯಲ್ಲಿ ಅವನ ಏಳನೆಯ ಮೈಲಿನ ಮುಕ್ಕಾಲು ಪಾಲು ನನ್ನ ಹದ್ದಿಗೆ ಬಂತು. ಅವನಿಗೆ ಜತ್ತದ ಕಡೆಯ ಹಾಳು ರಸ್ತೆ ಹೋಯಿತು. ಹೊಸ ಕಲ್ಲಿನ ಸುಣ್ಣ ಒಣಗುವ ಮೊದಲೇ ನಾನು ಅದರ ಮೇಲೆ ಕುಳಿತು ಬೀಡಿ ಸೇದಿದೆ. ಅವನು ಬಂದು ಕಲ್ಲು ನೋಡಿದ, ರಸ್ತೆ ನೋಡಿದ, "ಚಲೋ ನೋಡ್ಕೋ ತಮ್ಮಾ" ಎಂದಷ್ಟೇ ಹೇಳಿ ಹೋದ.

ವರ್ಷ ಕಳೆಯಿತು. ಅವನಿಂದ ನನಗೆ ಬಂದ ಆ ತುಂಡು ಹಾಗೆಯೇ ಇತ್ತು. ನಾನು ಅದನ್ನು ಮುಟ್ಟಲೂ ಇಲ್ಲವೆನ್ನಬೇಕು. ನನ್ನ ಹಳೆಯ ಹದ್ದಿನಲ್ಲೇ ಕೈತುಂಬ ಕೆಲಸವಿತ್ತು. ಆದರೂ ಆ ತುಂಡಿನಲ್ಲಿ ತಗ್ಗು ಬೀಳಲಿಲ್ಲ, ಗಾಲಿಯ ಗುರುತು ನಿಲ್ಲಲಿಲ್ಲ. ನಾನು ಹೇಳಿದ್ದೇ ನಿಜವಾಯಿತಲ್ಲ ಎಂದು ಹೆಂಡತಿಯ ಮುಂದೆ ಎದೆ ಉಬ್ಬಿಸಿದೆ. ಅವನಿಗೆ ಹೋದ ಹಾಳು ರಸ್ತೆಯೂ ಅದೇ ವರ್ಷದಲ್ಲಿ ನೆಟ್ಟಗಾಗಿತ್ತು. ಅದಕ್ಕೂ ನನ್ನ ಹತ್ತಿರ ಕಾರಣವಿತ್ತು. ಮುಕಾದಮ ಅವನ ಕಡೆಯವನು, ಒಳ್ಳೆ ಗರಸನ್ನೆಲ್ಲ ಅವನಿಗೇ ಕೊಡುತ್ತಾನೆ ಎಂದುಕೊಂಡೆ.

ಜತ್ತದ ಸಂತೆಯ ದಿನ ನಮಗೆಲ್ಲ ರಜೆ. ನಾನು ಒಂದು ಸಂತೆಯನ್ನೂ ತಪ್ಪಿಸುತ್ತಿರಲಿಲ್ಲ. ಆ ಸಲ ಮಗಳಿಗೆ ಜ್ವರ ಬಂದದ್ದರಿಂದ ಔಷಧ ತೆಗೆದುಕೊಂಡು ಸಂತೆಯಿಂದ ಬೇಗ ಹೊರಟೆ. ಹನ್ನೆರಡು ಗಂಟೆಯ ಬಿಸಿಲು. ನನ್ನ ಹದ್ದಿನ ಕಲ್ಲು ದಾಟಿ ಸ್ವಲ್ಪ ದೂರ ನಡೆದರೆ ನಟ್ಟನಡು ರಸ್ತೆಯಲ್ಲಿ ಒಬ್ಬ ಕುಕ್ಕರುಗಾಲಿನಲ್ಲಿ ಕುಳಿತಿದ್ದಾನೆ. ಅವನೇ. ಚಪ್ಪಲಿ ಬದಿಗೆ ಬಿಟ್ಟಿದ್ದ. ಅಂಗೈಯಗಲದ ಒಂದು ತಗ್ಗಿನ ಅಂಚನ್ನು ಕಡಿದು ಚೌಕ ಮಾಡಿ, ಒಳಗಿನ ಧೂಳನ್ನು ಕೈಯಿಂದ ಬಳಿದು, ನೀರು ಚಿಮುಕಿಸಿ, ಬೆರಳಿನಿಂದ ಒಂದೊಂದೇ ಖಡಿ ಕೂಡಿಸುತ್ತಿದ್ದ. ನಾನು ದೊಡ್ಡ ತಗ್ಗಿಗೂ ಒಂದು ಬುಟ್ಟಿ ಗರಸು ಸುರಿದು ಬಡಿದು ಮುಂದೆ ಹೋಗುವವನು.

"ನನ್ನ ಹದ್ದಿನ್ಯಾಗ ಏನ ಮಾಡಾಕತ್ತೀರಿ ಅಣ್ಣಾ?" ಎಂದೆ.

ಅವನು ಕದಿಯುವಾಗ ಸಿಕ್ಕವನ ಹಾಗೆ ಎದ್ದು ನಿಂತ. "ತಪ್ಪ ತಿಳ್ಕೋಬ್ಯಾಡ ತಮ್ಮಾ. ಸಣ್ಣದಿದ್ದಾಗ ಮುಚ್ಚಿದ್ರ ಉಳಿತೈತಿ. ಬರಿಗಾಲಿಲೆ ನಡದ್ರ ಕಣ್ಣಿಗಿ ಕಾಣೂಕಿಂತ ಮೊದಲ ಕಾಲಿಗಿ ತಿಳಿತೈತಿ. ನೋಡಿ ಸುಮ್ಮ ಹೋಗಾಕ ಮನಸ ಆಗೂದಿಲ್ಲ."

"ಎಷ್ಟ ದಿನದಿಂದ ಮಾಡಾಕತ್ತೀರಿ?"

"ಸಂತಿ ದಿನ ಅಷ್ಟ ಬರ್ತೀನಿ. ನೀ ಇರೂದಿಲ್ಲಲ್ಲ ಅಂತ."

ಒಂದು ವರ್ಷದ ಸಂತೆಗಳು! ನನಗೆ ಕೃತಜ್ಞತೆ ಬರಬೇಕಿತ್ತು. ಬರಲಿಲ್ಲ. ಮೈಯೆಲ್ಲ ಉರಿಯಿತು. ಇಡೀ ವರ್ಷ ನಾನು ನೆಲದ ಗುಣ ಎಂದು ಹೇಳಿಕೊಂಡು ತಿರುಗಿದ್ದೆನಲ್ಲ, ಆ ಗುಣ ನನ್ನೆದುರಿಗೆ ಕೈ ಒರೆಸಿಕೊಳ್ಳುತ್ತ ನಿಂತಿತ್ತು. ಔಷಧದ ಸೀಸೆ ಕೈಯಲ್ಲಿ ಹಿಡಿದುಕೊಂಡು, ಬರುತ್ತೇನೆ ಎಂದು ಸಹ ಹೇಳದೆ ಮುಂದೆ ನಡೆದೆ.

ಮುಂದಿನ ತಿಂಗಳು ಮುಕಾದಮನ ಜಾಗ ತುಂಬಲೆಂದು ಓವರ್‌ಸೀಯರ್ ಜೀಪಿನಲ್ಲಿ ಬಂದರು. ಆ ತುಂಡಿನ ಮೇಲೆ ಇಳಿದು, ಬೂಟಿನ ಹಿಮ್ಮಡಿಯಿಂದ ಗರಸನ್ನು ಒತ್ತಿ ನೋಡಿ, "ಈ ತುಂಡನ್ನ ಯಾರು ಹಿಂಗ ಇಟ್ಟಾರ?" ಎಂದು ಕೇಳಿದರು. ನಾನು, "ನನ್ನ ಹದ್ದು ಸಾಹೇಬ್ರ" ಎಂದೆ. ಅಷ್ಟೇ ಹೇಳಿದೆ. ಸಾಹೇಬರು ಪಕ್ಕದಲ್ಲಿದ್ದ ಅವನ ಕಡೆ ತಿರುಗಿ, "ಹಿಂದ ಇದು ನಿಂದ ಇತ್ತಲ್ಲ? ಹೆಂಗ ಇಟ್ಟಾನ?" ಎಂದರು. ಅವನು ತಡವರಿಸಲಿಲ್ಲ. "ಭಾಳ ಚಲೋ ಇಟ್ಟಾನ್ರಿ" ಎಂದ. ನಾನು ಮುಕಾದಮನಾದೆ.

ಆ ಸೈಕಲ್ಲಿನ ಸುಖ ನನಗೆ ಒಂದು ದಿನವೂ ಹತ್ತಲಿಲ್ಲ. ಖಾಲಿಯಾದ ನನ್ನ ಹದ್ದನ್ನೂ ಸದ್ಯಕ್ಕೆ ಅವನೇ ನೋಡುತ್ತಿದ್ದ. ದಾರಿಯಲ್ಲಿ ಅವನು ಗುದ್ದಲಿ ಕೆಳಗಿಟ್ಟು, "ಬರ್ರಿ ಮುಕಾದಮರ" ಎನ್ನುತ್ತಿದ್ದ. ಆ ರೀ ಕೇಳಿದಾಗಲೆಲ್ಲ ಈ ಕೆಲಸ ಅವನು ನನಗೆ ಹಾಕಿದ ಭಿಕ್ಷೆ ಎನಿಸುತ್ತಿತ್ತು. ಎರಡು ತಿಂಗಳು ತಡೆದೆ. ಆಮೇಲೆ ಸಾಹೇಬರ ಕಿವಿಗೆ ಹಾಕಿದೆ: ಡಫಳಾಪುರದ ರಸ್ತೆ ಭಾಳ ಕೆಟ್ಟೈತ್ರಿ, ಅಲ್ಲಿಗೆ ಇವನಂಥ ಗಟ್ಟಿ ಆಳು ಬೇಕ್ರಿ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಜತ್ತದ ಈ ದಿಕ್ಕಿನವನನ್ನು ಆ ದಿಕ್ಕಿಗೆ ಎತ್ತಿ ಹಾಕಿದರು. ಹೋಗುವ ದಿನ ಅವನು ಕೇಳಿದ್ದು ಒಂದೇ ಮಾತು.

"ಆ ತುಂಡಿಗಿ ಯಾರನ್ನ ಹಾಕ್ತೀರಿ?"

"ಅದನ್ನ ಕೇಳೂ ಕೆಲಸ ನಿಂದಲ್ಲ" ಎಂದೆ. ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಹೊಸ ಕೂಲಿಯ ಕೈಯಲ್ಲಿ ಆ ಮಳೆಗಾಲಕ್ಕೆ ತುಂಡು ಕಿತ್ತುಹೋಯಿತು. ನಾನು ಮುಕಾದಮಕಿಯನ್ನು ಮರೆತು ನಾನೇ ಕುಕ್ಕರುಗಾಲಿನಲ್ಲಿ ಕುಳಿತು ಅಂಚು ಕಡಿದೆ, ಧೂಳು ಬಳಿದೆ, ಖಡಿ ಕೂಡಿಸಿದೆ. ಎಂಟು ದಿನಕ್ಕೆ ಖಡಿ ಎದ್ದುಬಂತು. ಸಾಹೇಬರು ಎಲ್ಲರೆದುರು ಬೈದರು. ಕೆಲಸ ಹೋಗುವ ಹೆದರಿಕೆ ಹುಟ್ಟಿದಾಗ ಅಭಿಮಾನ ಬದಿಗಿಟ್ಟು ಡಫಳಾಪುರಕ್ಕೆ ಸೈಕಲ್ ಹೊಡೆದೆ. ವಾಪಸ್ಸು ಬರ್ರಿ ಅಣ್ಣಾ, ಸಾಹೇಬರಿಗೆ ನಾನು ಹೇಳ್ತೀನಿ ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಹೋದೆ.

ಅವನ ಹೊಸ ಹದ್ದು ಎಲ್ಲಿ ಶುರುವಾಯಿತೆಂದು ಯಾರೂ ಹೇಳಬೇಕಾಗಲಿಲ್ಲ. ಸೈಕಲ್ ಅಲ್ಲಾಡುವುದು ನಿಂತಿತು. ನನ್ನ ಹೊಟ್ಟೆಯಲ್ಲಿ ಮತ್ತೆ ಅದೇ ಬೆಂಕಿ. ಅವನು ನನ್ನನ್ನು ನೋಡಿ ನಗುತ್ತ ಎದ್ದು ಬಂದ. "ಬರ್ರಿ ಮುಕಾದಮರ, ಕುಂದ್ರಿ. ನಮ್ಮ ತುಂಡು ಹೆಂಗೈತಿ?" ಎಂದ. ನಮ್ಮ ತುಂಡು ಎಂದ.

"ನೀ ಇದ್ದಾಗಿನಕಿಂತ ಚಲೋ ಐತಿ" ಎಂದೆ.

ಅವನ ಮುಖ ಸಣ್ಣದಾಯಿತು. ಆ ಮುಖದಲ್ಲಿ ಹೊಟ್ಟೆ ಉರಿಯುವುದನ್ನು ನಾನು ಮೊಟ್ಟಮೊದಲ ಸಲ ಕಂಡೆ. ಅಷ್ಟು ವರ್ಷಗಳಲ್ಲಿ ಅವನಿಂದ ನನಗೆ ಸಿಕ್ಕ ಸುಖ ಅದೊಂದೇ. ಅದನ್ನು ಬಿಟ್ಟುಕೊಡಲು ಮನಸ್ಸಾಗದೆ, ಬಂದ ಕೆಲಸ ಹೇಳದೆ ಸೈಕಲ್ ತಿರುಗಿಸಿದೆ.